ನನ್ನ ಸೈಕಲ್ ತಾಗಿ ಮೀನು ಮಾರುವ ಅಕ್ಕ ಬಿದ್ದರು, ಪೊಲೀಸ್ ಸ್ಟೇಷನ್‌ಗೆ ನಾನೇ ಹೋದೆ: ನನ್ನ ಅನುಭವ

ದಿನಾ ಸೈಕಲ್ ಹೊಡೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗೇರು, ಬ್ರೇಕು, ಲೈಟು ನಿಮಗೆ ಗೊತ್ತಿರುವ ವಿಷಯ, ಅದನ್ನು ಹೇಳುವುದಿಲ್ಲ. ನಮ್ಮ ಸೈಕಲ್ ತಾಗಿ ನಡೆದು ಹೋಗುವವರು ಬಿದ್ದರೆ ಮುಂದೇನು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಕಾರವಾರದಲ್ಲಿ ಹತ್ತು ಹನ್ನೆರಡು ವರ್ಷ ಸೈಕಲ್ ಓಡಿಸಿ, ಮೂರು ಸಲ ಜನರಿಗೆ ತಾಗಿಸಿ, ಎರಡು ಸಲ ಪೂರ್ತಿ ಎಡವಿದ ಮೇಲೆ ಮೂರನೇ ಸಲ ಸರಿಯಾಗಿ ಮುಗಿಸಿದೆ. ನಿಜ ಹೇಳಿ ಸ್ಟೇಷನ್‌ಗೆ ಹೋಗಬೇಡ, ಸಿಕ್ಕಿಹಾಕಿಕೊಳ್ಳುತ್ತೀಯ ಅಂದವರು ಈಗ ನನಗೇ ಫೋನ್ ಮಾಡುತ್ತಾರೆ.

ಮೊದಲನೆಯದು 2018ರ ಮಳೆಗಾಲ, ಕೋಡಿಬಾಗ ಕಡೆ. ನಿಂತ ಟೆಂಪೋ ಹಿಂದಿನಿಂದ ಒಬ್ಬ ಅಜ್ಜ ಹೊರಬಂದರು. ಬ್ರೇಕ್ ಹಿಡಿದೆ, ಒದ್ದೆ ರಿಮ್ಮು, ನಿಲ್ಲಲಿಲ್ಲ. ಅಜ್ಜ ಕೈ ಊರಿ ಬಿದ್ದರು, ಎದ್ದರು, 'ಏನೂ ಆಗಲಿಲ್ಲ ತಮಾ, ಹೋಗು' ಅಂದರು. ನಾನು 500 ರೂಪಾಯಿ ಕೈಯಲ್ಲಿಟ್ಟು ಹೋಗಿಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಇಪ್ಪತ್ತು ದಿನ ಕಳೆದು ಅಜ್ಜನ ಮಗ ಎಕ್ಸ್‌ರೇ ಹಿಡಿದು ಮನೆಗೆ ಬಂದ. ಮಣಿಕಟ್ಟಿನ ಮೂಳೆ ಮುರಿದಿತ್ತು, ಅಷ್ಟರಲ್ಲಿ ಸೊಟ್ಟಗೆ ಕೂಡಿಯೂ ಆಗಿತ್ತು. ನಡುವೆ ಒಬ್ಬರು ಹಿರಿಯರು ಕೂತು ಪಂಚಾಯ್ತಿ ಮಾಡಿದರು. 38 ಸಾವಿರಕ್ಕೆ ತೀರ್ಮಾನ, ಎರಡು ಕಂತು, ಒಂದು ಚೀಟಿಯೂ ಇಲ್ಲ. ಆಮೇಲೆ ಮತ್ತೆ ಆರೋ ಏಳೋ ಸಾವಿರ. ನನ್ನ ಸ್ವಂತ ಅಕ್ಕನ ಹತ್ತಿರ ಸಾಲ ಮಾಡಿ ಕೊಟ್ಟೆ. ದುಡ್ಡಿನ ನೋವು ಹೋಯಿತು. ಆದರೆ ಆ ಅಜ್ಜ ಬಲೆ ಹೊಲಿಯುವವರು. ಅವರ ಬೆರಳಿಗೆ ಸೂಜಿಯ ಹಿಡಿತ ಮೊದಲಿನ ಹಾಗೆ ಬರಲೇ ಇಲ್ಲ. ಅದೇ ದಿನ ಎಕ್ಸ್‌ರೇ ಮಾಡಿಸಿದ್ದರೆ ಕೈ ನೆಟ್ಟಗಾಗುತ್ತಿತ್ತು ಅನ್ನುವುದು ಇವತ್ತಿಗೂ ಚುಚ್ಚುತ್ತದೆ.

ಎರಡನೆಯದು 2021ರಲ್ಲಿ, ಅಂಕೋಲಾದಲ್ಲಿ. ಆ ಹೊತ್ತಿಗೆ ಎಲ್ಲರೂ ಬುದ್ಧಿ ಹೇಳಿದ್ದರು: ಮಾತಾಡಬೇಡ, ಕ್ಷಮಿಸಿ ಅನ್ನಬೇಡ, ದುಡ್ಡು ತೆಗೆಯಬೇಡ. ಹಾಗೇ ಮಾಡಿದೆ. ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡ ಕಾಲೇಜು ಹುಡುಗ, ಮೊಣಕೈ ತರಚಿತ್ತು, ಮೊಬೈಲ್ ಗಾಜು ಒಡೆದಿತ್ತು, ಅಷ್ಟೇ. ನಾನು ಕಲ್ಲಿನ ಹಾಗೆ ನಿಂತದ್ದನ್ನು ನೋಡಿ ಜನ ಸೇರಿದರು, ಸೈಕಲ್ ಹಿಡಿದಿಟ್ಟರು, ಎರಡು ಗಂಟೆ ಬಿಸಿಲಲ್ಲಿ ನಿಂತು ಕೊನೆಗೆ 3,500 ಕೊಟ್ಟು ಬಂದೆ. ಬಿದ್ದವರ ಎದುರು ಸುಮ್ನೆ ನಿಂತರೆ ಸೊಕ್ಕು ಅನ್ನಿಸುತ್ತದೆ, ಅಲ್ವಾ? 'ಪೆಟ್ಟಾಯಿತಾ, ತೋರಿಸಿ' ಅಂದರೆ ತಪ್ಪು ಪೂರ್ತಿ ನನ್ನದೇ ಅಂತ ಬರೆದುಕೊಟ್ಟ ಹಾಗೇನೂ ಆಗುವುದಿಲ್ಲ. ಅಂದು ಅಷ್ಟು ಅಂದಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಮೂರನೆಯದೇ ಮುಖ್ಯ. 2024ರ ಡಿಸೆಂಬರ್, ಬೆಳಿಗ್ಗೆ ಆರೂಕಾಲು ಇರಬೇಕು, ಇನ್ನೂ ಕತ್ತಲು. ಬೈತಕೋಲ ಕಡೆಯಿಂದ ಪೇಟೆಗೆ ಬರುತ್ತಿದ್ದೆ, ವೇಗ ಗಂಟೆಗೆ 20-22 ಕಿ.ಮೀ. ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುವ ಅಕ್ಕ ರಸ್ತೆ ಅಂಚಲ್ಲಿ ಹೋಗುತ್ತಿದ್ದರು. ನಾಯಿ ಅಡ್ಡ ಬಂತು ಅಂತ ಒಂದು ಹೆಜ್ಜೆ ಒಳಗೆ ಸರಿದರು. ನನ್ನ ಹ್ಯಾಂಡಲ್ ಅವರ ಮೊಣಕೈಗೆ ತಾಗಿತು. ಇಬ್ಬರೂ ಬಿದ್ದೆವು, ಬಂಗಡೆ ರಸ್ತೆ ತುಂಬ ಚೆಲ್ಲಿತು.

ಅವರು ಎದ್ದು ಮೀನು ಹೆಕ್ಕಲು ಹೊರಟರು. 'ಅಕ್ಕಾ, ಏಳಬೇಡಿ, ಮೀನು ನಾನು ನೋಡಿಕೊಳ್ಳುತ್ತೇನೆ' ಅಂದೆ. ತಲೆ ನೆಲಕ್ಕೆ ಬಡಿಯಿತಾ, ಕುತ್ತಿಗೆ ನೋವಾ, ಸೊಂಟ ನೋವಾ ಅಂತ ಕೇಳಿದೆ. ಈ ಮೂರರಲ್ಲಿ ಒಂದಕ್ಕೆ ಹೌದು ಅಂದರೂ ಎತ್ತಬಾರದು, 108 ಆಂಬುಲೆನ್ಸ್ ಬರುವ ತನಕ ಕಾಯಬೇಕು. ವಯಸ್ಸಾದವರಲ್ಲಿ ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿ ಮಲಗಿದ್ದರೆ ಸೊಂಟದ ಮೂಳೆ ಹೋಗಿರುವುದೇ ಜಾಸ್ತಿ, ಅಂಥವರನ್ನು ನಿಲ್ಲಿಸಲು ನೋಡಲೇಬಾರದು. ಅಕ್ಕನಿಗೆ ಮಣಿಕಟ್ಟು ಮಾತ್ರ ಊದುತ್ತಿತ್ತು. ಬೆರಳು ಅಲ್ಲಾಡುತ್ತಿತ್ತು, ಉಗುರು ಒತ್ತಿ ಬಿಟ್ಟರೆ ಬಣ್ಣ ವಾಪಸ್ ಬರುತ್ತಿತ್ತು, ಅಂದರೆ ರಕ್ತ ಓಡುತ್ತಿತ್ತು. ಬಳೆ ಮೊದಲೇ ತೆಗೆಸಿದೆ, ಊತ ಏರಿದರೆ ಬಳೆ ಕತ್ತರಿಸಬೇಕಾಗುತ್ತದೆ. ಐಸ್ ಎಲ್ಲಿಂದ ತರುವುದು ಅಂತ ತಲೆ ಓಡುತ್ತಿರುವಾಗ ಕಣ್ಣೆದುರೇ ಇತ್ತು, ಬುಟ್ಟಿಯ ಮೀನಿನ ಐಸ್! ಟವೆಲಿನಲ್ಲಿ ಸುತ್ತಿ ಇಟ್ಟೆ. ಪೇಪರ್ ದಪ್ಪಕ್ಕೆ ಮಡಚಿ ಕೈ ಕೆಳಗೆ ಕೊಟ್ಟು ಕಟ್ಟಿದೆ. ಹತ್ತಿರದ ಅಂಗಡಿಯವರು ಅರಿಶಿನ, ಕಾಫಿಪುಡಿ ತಂದರು, ಬೇಡ ಅಂದೆ. ನೀರನ್ನೂ ಕುಡಿಸಲಿಲ್ಲ, ಆಪರೇಷನ್ ಅಂದರೆ ಹೊಟ್ಟೆ ಖಾಲಿ ಇರಬೇಕು.

ಆಮೇಲೆ ಮಾಡಿದ್ದು ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. ನನ್ನ ಮನೆಗೆ ಫೋನ್ ಮಾಡುವ ಮೊದಲು ಅವರ ಮಗಳಿಗೆ ಮಾಡಿದೆ. ಹೆಸರು ಹೇಳಿದೆ, ನಂಬರ್ ಕೊಟ್ಟೆ, ನನ್ನ ಸೈಕಲ್ ತಾಗಿದೆ ಅಂತಲೇ ಹೇಳಿದೆ. ಬೇರೆಯವರ ಬಾಯಿಂದ ಕೇಳಿದರೆ ಅದೇ ಸುದ್ದಿಗೆ ಬೇರೆ ಬಣ್ಣ ಬರುತ್ತದೆ. ನಿಂತಿದ್ದವರು ಇಬ್ಬರು ಸಹಾಯಕ್ಕೆ ಹಿಂಜರಿದರು, ಪೊಲೀಸರು ಕರೆದಾರು ಅನ್ನುವ ಭಯ. ಗಾಯಗೊಂಡವರಿಗೆ ನೆರವಾದವರನ್ನು ಕಾಪಾಡಲು ನಮ್ಮ ರಾಜ್ಯದಲ್ಲಿ 2016ರ ಕಾಯ್ದೆಯೇ ಇದೆ ಅಂದ ಮೇಲೆ ಒಬ್ಬರು ರಿಕ್ಷಾ ತಂದರು, ಒಬ್ಬ ಹುಡುಗ ಮೀನು ಹೆಕ್ಕಿಕೊಟ್ಟ. ಅದು ನೆರವಾದವರಿಗೆ ಮಾತ್ರ, ತಾಗಿಸಿದ ನನಗಲ್ಲ, ಅದು ನನಗೆ ಗೊತ್ತಿತ್ತು. ಸೈಕಲ್ ಸರಿಸುವ ಮೊದಲು ಎರಡು ಫೋಟೋ ತೆಗೆದೆ, ರಸ್ತೆಯದ್ದು, ಸೈಕಲ್‌ದು. ಬಿದ್ದವರ ಫೋಟೋ ತೆಗೆಯಬೇಡಿ.

ಆಸ್ಪತ್ರೆಯಲ್ಲಿ ಕೇಳಿದಾಗ 'ನನ್ನ ಸೈಕಲ್ ತಾಗಿ ಬಿದ್ದರು' ಅಂದೆ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ, ಬರೆದರು. ಗೆಳೆಯರು ಬೈದಿದ್ದು ಇದಕ್ಕೇ, ಕಾಲು ಜಾರಿ ಬಿದ್ದರು ಅಂದಿದ್ದರೆ ಆಗುತ್ತಿತ್ತಲ್ಲ ಮಾರಾಯಾ ಅಂತ. ಆಗುತ್ತಿರಲಿಲ್ಲ. ಮೊದಲ ಚೀಟಿಯಲ್ಲಿ ಸುಳ್ಳು ಬರೆಸಿದರೆ ನಾಳೆ ಮನೆಯವರು ನಿಜ ಹೇಳಿದಾಗ ನನ್ನ ಮಾತಿಗೆ ಕಿಮ್ಮತ್ತು ಇರುವುದಿಲ್ಲ. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಹತ್ತಿರ ಮೂಳೆ ಮುರಿದಿತ್ತು, ಜಾಸ್ತಿ ಸರಿದಿರಲಿಲ್ಲ. ಪ್ಲಾಸ್ಟರ್, ಆರು ವಾರ. ತರಚಿದ್ದಕ್ಕೆ ಟಿಟಿ ಇಂಜೆಕ್ಷನ್. ಅವರಿಗೆ ಬಿಪಿಎಲ್ ಕಾರ್ಡ್ ಇತ್ತು, ಖರ್ಚು ಕಡಿಮೆಯಾಯಿತು. ಹೊರಗಿನ ಬಿಲ್ಲೆಲ್ಲ ನಾನೇ ಕೌಂಟರ್‌ನಲ್ಲಿ ಕಟ್ಟಿದೆ. ಕೈಗೆ ನಗದು ಕೊಡಲಿಲ್ಲ, ಒಂದು ರೂಪಾಯಿಯೂ.

ಮಧ್ಯಾಹ್ನ ಸ್ಟೇಷನ್‌ಗೆ ಹೋದೆ, ನಾನಾಗಿಯೇ. ಹೋಗುವ ಮೊದಲು ಪರಿಚಯದ ವಕೀಲರಿಗೆ 1,500 ಕೊಟ್ಟು ಕೇಳಿಕೊಂಡಿದ್ದೆ. ಸೈಕಲ್ ಮೋಟಾರು ವಾಹನ ಅಲ್ಲ. ಅದಕ್ಕೆ ಥರ್ಡ್ ಪಾರ್ಟಿ ವಿಮೆ ಇಲ್ಲ, ಮೋಟಾರು ಅಪಘಾತ ನ್ಯಾಯಮಂಡಳಿಯೂ ಇಲ್ಲ, ಕೊಡುವುದೆಲ್ಲ ನಮ್ಮ ಜೇಬಿನಿಂದಲೇ. ಆದರೆ ಸೈಕಲ್‌ಗೆ ಕಾನೂನೇ ಇಲ್ಲ ಅನ್ನುವುದು ಸುಳ್ಳು. ಅಜಾಗರೂಕತೆಯಿಂದ ಓಡಿಸಿದ್ದಕ್ಕೆ, ಗಾಯ ಮಾಡಿದ್ದಕ್ಕೆ ಮೊದಲು ಐಪಿಸಿಯ (ಹಳೆಯ ದಂಡ ಸಂಹಿತೆ) ಕಲಂ 279, 337, 338 ಇದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125 ಬಂದಿವೆ. ಅಜಾಗರೂಕತೆಯಿಂದ ಮೂಳೆ ಮುರಿದರೆ 125ರಲ್ಲಿ 3 ವರ್ಷದವರೆಗೆ ಶಿಕ್ಷೆ ಇದೆ. ಓದಿದಾಗ ಹೊಟ್ಟೆ ತಣ್ಣಗಾಯಿತು. ಆದರೂ ಹೋದೆ. ಒಂದು ಪುಟದ ಅರ್ಜಿ: ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ತಾಗಿತು, ಯಾವ ಆಸ್ಪತ್ರೆ, ನನ್ನ ವಿಳಾಸ. 'ಸೈಕಲ್‌ಗೂ ಅರ್ಜಿಯಾ?' ಅಂತ ಕೇಳಿದರು. ಎರಡು ತಾಸು ಕಾಯಿಸಿದರು. ಸೀಲ್ ಹಾಕಿದ ಪ್ರತಿ ಕೈಗೆ ಬರುವ ತನಕ ಎದ್ದು ಬರಲಿಲ್ಲ. ಮರುದಿನ ಅಕ್ಕ, ಮಗಳು ಇಬ್ಬರೂ ಬಂದು ದೂರು ಬೇಡ ಅಂತ ಹೇಳಿಕೆ ಕೊಟ್ಟರು. ಕೇಸ್ ಆಗಲಿಲ್ಲ. ಆಗಬಹುದಿತ್ತು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಇನ್ನು ದುಡ್ಡು. ಮೂಳೆಯ ಬಿಲ್ಲಿಗಿಂತ ದೊಡ್ಡದು ಅವರ ದಿನದ ಗಳಿಕೆ. ಆರು ವಾರ ಬುಟ್ಟಿ ಹೊರಲಾಗದಿದ್ದರೆ ಆ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಅವರನ್ನೇ ಕೇಳಿದೆ. ದಿನಕ್ಕೆ 400 ಉಳಿಯುತ್ತದೆ ಅಂದರು. ಚೌಕಾಸಿ ಮಾಡಲಿಲ್ಲ. ಪ್ರತಿ ಶನಿವಾರ ವಾರದ ಲೆಕ್ಕ ಮಗಳ ಖಾತೆಗೆ ಹಾಕಿದೆ, ಯಾವ ವಾರದ್ದು ಅಂತ ಬರೆದೇ ಹಾಕಿದೆ. ವಾರವಾರ ಕೊಟ್ಟರೆ ಅದಕ್ಕೆ ಕೊನೆಯೇ ಇರುವುದಿಲ್ಲ ಅಂತ ಎಲ್ಲರೂ ಹೆದರಿಸಿದರು. ಪ್ಲಾಸ್ಟರ್ ತೆಗೆದ ಮೇಲೂ ಒಂದು ವಾರ ಜಾಸ್ತಿ ಕೊಡಲು ಹೋದೆ, ಮಗಳೇ 'ಸಾಕು ಅಣ್ಣಾ' ಅಂತ ವಾಪಸ್ ಹಾಕಿದಳು. ಗಳಿಕೆ ಸುಮಾರು 17 ಸಾವಿರ, ಎಕ್ಸ್‌ರೇ, ಔಷಧ, ವ್ಯಾಯಾಮ ಹೇಳಿಕೊಡುವವರು ಸೇರಿ ನಾಲ್ಕು ಸಾವಿರದ ಹತ್ತಿರ, ಚೆಲ್ಲಿದ ಮೀನಿಗೆ 1,400, ರಿಕ್ಷಾ ಒಂದು ಸಾವಿರ ಒಳಗೆ, ವಕೀಲರು, ಕಾಗದ. ಒಟ್ಟು 25 ಸಾವಿರ ಆಸುಪಾಸು. ಅಜ್ಜನದ್ದಕ್ಕಿಂತ ಹೆಚ್ಚು ಕಡಿಮೆ 20 ಸಾವಿರ ಕಡಿಮೆ, ಕೈಯೂ ನೆಟ್ಟಗಾಯಿತು. ಈ ಲೆಕ್ಕ ನನಗೆ ಹೆಮ್ಮೆ.

ಕೊನೆಗೆ 100 ರೂಪಾಯಿಯ ಇ-ಸ್ಟ್ಯಾಂಪ್ ಕಾಗದದಲ್ಲಿ ರಾಜಿ ಪತ್ರ. ಕನ್ನಡದಲ್ಲಿ ಬರೆಸಿ, ಮಗಳ ಹತ್ತಿರ ಕೊಂಕಣಿಯಲ್ಲಿ ಓದಿಸಿ ಹೇಳಿಸಿದೆ, ಆಮೇಲೇ ಸಹಿ. ಬರೀ ರಾಜಿ ಪತ್ರದಿಂದ ಪೊಲೀಸ್ ಕೇಸ್ ತಾನಾಗಿ ಹೋಗುವುದಿಲ್ಲ, ಅದು ನೆನಪಿರಲಿ. ಪತ್ರದಲ್ಲಿ ನಾನೇ ಸೇರಿಸಿದ ಎರಡು ಸಾಲು ಇವೆ, ವಕೀಲರೂ ಮೆಚ್ಚಿದರು. ಅದನ್ನು ಇಲ್ಲಿ ಹಾಕುವುದಿಲ್ಲ. ಕಣ್ಣುಮುಚ್ಚಿ ನಕಲು ಮಾಡಿದರೆ ತಿರುಗಿ ಬೀಳುತ್ತದೆ. ಎದುರು ಸಿಕ್ಕರೆ ನಿಮ್ಮ ವಿಷಯ ಕೇಳಿ ಹೇಳುತ್ತೇನೆ.

ಇದರ ನಡುವೆ ನನ್ನ ಮೈಗೆ ಆದ ಪೆಟ್ಟನ್ನೇ ಮರೆತಿದ್ದೆ. ನಾಲ್ಕು ದಿನ ಭುಜ ನೋವು ಅಂತ ಎಣ್ಣೆ ತಿಕ್ಕಿದೆ, ಕೊನೆಗೆ ನೋಡಿದರೆ ಕೊರಳ ಮೂಳೆಯಲ್ಲಿ ಸಣ್ಣ ಬಿರುಕು. ಬಿದ್ದ ಬಿಸಿಯಲ್ಲಿ ನೋವು ಗೊತ್ತಾಗುವುದಿಲ್ಲ, ಅದೇ ದಿನ ನೀವೂ ತೋರಿಸಿಕೊಳ್ಳಿ. ಹೆಲ್ಮೆಟ್ ಒಳಗಿನ ಥರ್ಮೋಕೋಲ್ ಸೀಳಿತ್ತು, ಹೊಸದಕ್ಕೆ 1,800. ಮುಂದಿನ ರಿಮ್ ನೆಟ್ಟಗೆ ಮಾಡಿಸಿದ್ದಕ್ಕೆ ಇನ್ನೂರೋ ಮುನ್ನೂರೋ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ನೋಡದೆ ಹತ್ತಬೇಡಿ.

ಭುಜ ಸರಿಯಾದ ಮೇಲೆ ಟಾಗೋರ್ ಬೀಚ್ ಪಕ್ಕದ ರಸ್ತೆಯಲ್ಲಿ ನಾಲ್ಕೈದು ಭಾನುವಾರ ಬೆಳಗಿನ ಜಾವ ಸೀಮೆಸುಣ್ಣ ಹಿಡಿದು ಬ್ರೇಕ್ ಅಳೆದೆ. 20ರ ವೇಗ, ಒಣ ರಸ್ತೆ, ರಿಮ್ ಬ್ರೇಕ್: ನಾಲ್ಕೂವರೆ ಮೀಟರ್ ಹತ್ತಿರ. ನೀರು ಹೊಯ್ದು ನೋಡಿದರೆ ಎಂಟು ದಾಟಿತು. ರಿಮ್ ಒರೆಸುವ ನನ್ನದೇ ಒಂದು ಕ್ರಮ ಇದೆ, ಅದರಿಂದ ಒಂದೂವರೆ ಮೀಟರ್ ಉಳಿಯಿತು, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗಂಟೆಯನ್ನೂ ಪರೀಕ್ಷೆ ಮಾಡಿದೆ. ಹಾರ್ನ್ ಹೊಡೆದರೆ ಜನ ಬೆಚ್ಚಿ ಯಾವ ಕಡೆಗೋ ಹಾರುತ್ತಾರೆ. ಹತ್ತಿರ ಬಂದು ಗಂಟೆ ಹೊಡೆದರೆ ತಿರುಗಿ ನೋಡುತ್ತಾ ನಮ್ಮ ದಾರಿಗೇ ಬರುತ್ತಾರೆ. ಹದಿನೈದು ಮೀಟರ್ ದೂರದಿಂದ 'ಸೈಕಲ್ ಬಂತು ಅಕ್ಕಾ' ಅಂತ ಕೂಗಿದರೆ ಹೆಚ್ಚಿನವರು ಇದ್ದ ಅಂಚಿನಲ್ಲೇ ನಿಲ್ಲುತ್ತಾರೆ.

ಹೋದ ವರ್ಷ ಶಿರಸಿಯ ಗೆಳೆಯನ ಸೈಕಲ್ ಒಬ್ಬ ಹಿರಿಯರಿಗೆ ತಾಗಿತು. ಬಿದ್ದಲ್ಲಿಂದಲೇ ಫೋನ್ ಮಾಡಿದ. ಹಣೆಗೆ ಸಣ್ಣ ಬಾವು, ಮಾತು ಸರಿ ಇದೆ, ಮನೆಗೆ ಹೋಗುತ್ತೇನೆ ಅನ್ನುತ್ತಿದ್ದಾರೆ ಅಂದ. ಯಾವ ಮಾತ್ರೆ ತಗೊಳ್ಳುತ್ತಾರೆ ಕೇಳು ಅಂದೆ. ರಕ್ತ ತೆಳು ಮಾಡುವ ಮಾತ್ರೆ ಅಂದ. ಹಾಗಾದರೆ ಬಾವು ಎಷ್ಟೇ ಸಣ್ಣದಿರಲಿ, ತಲೆಯ ಸ್ಕ್ಯಾನ್ ಆಗಲೇಬೇಕು, ಮನೆಗೆ ಕಳಿಸಬೇಡ ಅಂದೆ. ಮಾಡಿಸಿದ, ಏನೂ ಇರಲಿಲ್ಲ. ಆದರೂ ಒಂದು ದಿನ ಪೂರ್ತಿ ವಾಂತಿ, ಮಂಪರು, ತಲೆನೋವು ಏರುವುದು ಇದೆಯಾ ಅಂತ ಮನೆಯವರು ಕಣ್ಣಿಟ್ಟರು. ನಮ್ಮ ಜಿಲ್ಲೆಯಲ್ಲಿ ತಲೆಯ ಪೆಟ್ಟು ದೊಡ್ಡದಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು. ಹೊತ್ತು ಕಳೆಯುವುದಕ್ಕೆ ನಮಗೆ ಆಸ್ಪದವೇ ಇಲ್ಲ. ಅವನ ಖರ್ಚು ಆರು ಸಾವಿರದ ಒಳಗೆ ಮುಗಿಯಿತು, ಪಂಚಾಯ್ತಿ ಇಲ್ಲ.

ಅಕ್ಕ ಮತ್ತೆ ಬುಟ್ಟಿ ಹೊರುತ್ತಿದ್ದಾರೆ. ಲೈಟು ಬಿದ್ದರೆ ಹೊಳೆಯುವ ಟೇಪ್ ಒಂದು ಸುರುಳಿ ತಂದು, 250 ರೂಪಾಯಿ ಇರಬೇಕು, ಅವರ ಬುಟ್ಟಿಯ ಸುತ್ತ ಅಂಟಿಸಿದೆ. ಮೊದಲು ಹದಿನೈದು ಮೀಟರ್‌ಗೆ ಕಾಣುತ್ತಿದ್ದವರು ಈಗ ಐವತ್ತಕ್ಕೆ ಕಾಣುತ್ತಾರೆ. ಮೀನಿನ ನೀರಿಗೆ ಟೇಪ್ ಎರಡೇ ವಾರದಲ್ಲಿ ಏಳುತ್ತಿತ್ತು, ಈಗ ಅಂಚನ್ನು ನೂಲಿನಿಂದ ಹೊಲಿಯುತ್ತೇನೆ, ನಿಲ್ಲುತ್ತಿದೆ. ಅವರ ಜೊತೆಯ ಎಂಟು ಹತ್ತು ಹೆಂಗಸರೂ ಬುಟ್ಟಿ ತಂದುಕೊಟ್ಟರು. ಸುರುಳಿ ಮುಗಿದಿದೆ, ಇನ್ನೊಂದು ತರಿಸಬೇಕು.