ಹೈಬ್ರಿಡ್ ಸೆಡಾನ್‌ದು ಖರೇ ಮೈಲೇಜ್ ತೆಗಿಯೋದು ಹೆಂಗ? ಪುಣೆದಾಗ ಗಾಡಿ ಓಡ್ಸೋರಿಗೆ

ಹೈಬ್ರಿಡ್ ಅಂದ್ರ ಪೆಟ್ರೋಲ್ ಇಂಜಿನ್ ಜೋಡಿ ಬ್ಯಾಟರಿ, ಮೋಟರ್ ಇರೋ ಗಾಡಿ. ಹೋಂಡಾ ಸಿಟಿ ಹೈಬ್ರಿಡ್ 2022ರಾಗ ಬಂದಾಗ ಲೀಟರ್‌ಗೆ 26.5 ಕಿ.ಮೀ. ಅಂದಿದ್ರು, ಮರುವರ್ಷ ಅದು 27.13 ಆತು. ಇಂಥಾ ನಂಬರ್ ಕೊಡೋ, ಗಾಡಿ ಟೆಸ್ಟ್ ಮಾಡೋ ಸಂಸ್ಥೆ ಏಆರ್‌ಎಐ ಇರೋದು ನಮ್ಮ ಕೋಥ್ರೂಡ್ ಗುಡ್ಡದ ಮ್ಯಾಲೇ, ಆದ್ರ ಟೆಸ್ಟ್ ಆಗೋದು ಕರ್ವೆ ರೋಡ್ ಟ್ರಾಫಿಕ್ಕಿನ್ಯಾಗಲ್ಲ, ರೋಲರ್ ಮ್ಯಾಲೆ, ಎಸಿ ಬಂದ್ ಮಾಡಿ, ಸ್ಪೀಡ್ 90 ದಾಟ್ಲಾರ್ದಂಗ. ಅಷ್ಟು ಬರ್ಲಿಲ್ಲಂತ ಸರ್ವಿಸ್‌ದವ್ರ ಜೋಡಿ ಜಗಳಕ್ಕ ನಿಲ್ಲೋ ಮೊದ್ಲು ನಿಮ್ಮ ಗಾಡಿ ಲೆಕ್ಕ ನೀವು ತೆಗೀರಿ.

ಡಿಸ್‌ಪ್ಲೇ ತೋರ್ಸೋದನ್ನ ಪೂರ್ತಿ ನಂಬಬ್ಯಾಡ್ರಿ, ಅದು ಅಂದಾಜು, ಬಹಳ ಗಾಡಿಯೊಳಗ ಸ್ವಲ್ಪ ಜಾಸ್ತಿನೇ ತೋರಸ್ತದ. ಫುಲ್ ಟ್ಯಾಂಕ್ ಹಾಕ್ಸ್ರಿ, ನಾಝಲ್ ತಾನಾಗೇ ಕಟ್ ಆದ್ಮ್ಯಾಲೆ ಸಾಕು. ಪಂಪಿನ ಹುಡುಗ "ರೌಂಡ್ ಫಿಗರ್ ಕರೂ ಕಾ?" (ರೌಂಡ್ ಫಿಗರ್ ಮಾಡ್ಲೇನು?) ಅಂತ ಕೇಳೇ ಕೇಳ್ತಾನ, "ನಕೋ" (ಬ್ಯಾಡ) ಅನ್ರಿ, ಯಾಕಂದ್ರ ಕಟ್ ಆದ್ಮ್ಯಾಲೆ ಒತ್ತಿ ಒತ್ತಿ ತುಂಬಿಸಿದ್ರ ಪ್ರತಿ ಸಲ ಲೆವೆಲ್ ಬ್ಯಾರೆ ಆಗಿ ಲೆಕ್ಕ ಕೆಡ್ತದ. ಟ್ರಿಪ್ ಮೀಟರ್ ಝೀರೋ ಮಾಡ್ರಿ, ಟ್ಯಾಂಕ್ ಅರ್ಧಕ್ಕಿಂತ ಕೆಳಗ ಬಂದ್ಮ್ಯಾಲೆ ಅದೇ ಪಂಪಿಗೆ ಹೋಗಿ ಮತ್ತ ಹಂಗೇ ಫುಲ್. 616 ಕಿ.ಮೀ. ಓಡಿ 28 ಲೀಟರ್ ಹಿಡೀತು ಅಂದ್ರ ಲೀಟರ್‌ಗೆ 22 ಕಿ.ಮೀ. ಒಂದೇ ಟ್ಯಾಂಕಿನ ಮ್ಯಾಲೆ ತೀರ್ಮಾನ ಬ್ಯಾಡ, ನಾಲ್ಕೈದು ಸಲದ ಕಿಲೋಮೀಟರ್ ಎಲ್ಲಾ ಕೂಡ್ಸಿ ಒಟ್ಟು ಲೀಟರ್‌ಲೆ ಭಾಗಿಸ್ರಿ.

ಊರೊಳಗಿಂದು ಮತ್ತ ಹೈವೇದು ಬ್ಯಾರೆ ಬ್ಯಾರೆ ಬರದಿಡ್ರಿ, ಮಜಾ ಇರೋದು ಇಲ್ಲೇ. ಸಾದಾ ಪೆಟ್ರೋಲ್ ಗಾಡಿ ವಾಕಡ್‌ನಿಂದ ಹಿಂಜವಡಿ ಮುಟ್ಟೋದ್ರೊಳಗ ನಿಂತಲ್ಲೇ ಪೆಟ್ರೋಲ್ ಕುಡೀತದ, ಹೈಬ್ರಿಡ್ ಅಲ್ಲಿ ಇಂಜಿನ್ ಬಂದ್ ಮಾಡ್ಕೊಂಡು ಮೋಟರ್ ಮ್ಯಾಲೆ ತೆವಳ್ತದ. ಹೈವೇದಾಗ ಈ ಲಾಭ ಕಡಿಮಿ, ಬ್ರೇಕ್ ಹಿಡಿದಾಗ ಬ್ಯಾಟರಿ ಚಾರ್ಜ್ ಆಗ್ತದ, ಅಲ್ಲಿ ಬ್ರೇಕ್ ಹಿಡಿಯೋದೇ ಅಪರೂಪ ಅಂದ್ಮ್ಯಾಲೆ ಬ್ಯಾಟರಿಗೆ ವಾಪಸ್ ಬರೋದೇನದ? ಮ್ಯಾಲೆ ಗಾಳಿ ಬ್ಯಾರೆ, 80ರಿಂದ 100ಕ್ಕ ಹೋದ್ರ ಗಾಳಿ ತಡಿಯೋದು ಒಂದೂವರೆ ಪಟ್ಟಿಗಿಂತ ಜಾಸ್ತಿ. ತಿಂಗಳಿಗೊಮ್ಮೆ ಬೆಳಗಾವಿ ಹುಬ್ಬಳ್ಳಿ ಹೋಗೋದು ಬಿಟ್ರ ಗಾಡಿ ಪಾರ್ಕಿಂಗ್‌ನಾಗೇ ನಿಲ್ಲೋದಿದ್ರ ನನ್ನ ಕೇಳಿದ್ರ ಹೈಬ್ರಿಡ್‌ಗೆ ಅಷ್ಟು ರೊಕ್ಕ ಹಾಕೋದು ಬ್ಯಾಡ.

ಬ್ರೇಕ್ ಲಗೂನ ಹಿಡೀರಿ, ಹಗೂರ ಹಿಡೀರಿ. ಸಿಗ್ನಲ್ ಕೆಂಪಾಗಿದ್ದು ದೂರದಿಂದ ಕಂಡ ಕೂಡ್ಲೇ ಕಾಲು ತೆಗೀರಿ, ಸ್ಟೇರಿಂಗ್ ಹಿಂದ ಪ್ಯಾಡಲ್ ಇದ್ರ ಎಡಗಡೆದು ಎಳೀರಿ, ಮೋಟರ್ ಜನರೇಟರ್ ಆಗಿ ಚಾರ್ಜ್ ಮಾಡ್ತದ. ಕಡೀಗೆ ಬಂದು ಗಚ್ಚನೆ ಒತ್ತಿದ್ರ ಬಹಳಷ್ಟು ಬ್ರೇಕ್ ಪ್ಯಾಡಿನ ಬಿಸಿಯಾಗೇ ಹೋಗ್ತದ. ಸಾತಾರಾ ಕಡೆಯಿಂದ ವಾಪಸ್ ಬರುವಾಗ ಕಾತ್ರಜ್ ಸುರಂಗ ದಾಟಿ ನವಲೆ ಪುಲ್ ತನಕ ಉದ್ದಕ ಇಳಿಜಾರು ಅದಲ್ಲ, ಅಲ್ಲಿ ಬ್ಯಾಟರಿ ಏರೋದು ಕಣ್ಣಿಗೆ ಕಾಣ್ತದ. ನ್ಯೂಟ್ರಲ್ ಮಾತ್ರ ಯಾವತ್ತೂ ಹಾಕಬ್ಯಾಡ್ರಿ, ಚಾರ್ಜೂ ಆಗಂಗಿಲ್ಲ, ಮತ್ತ ಆ ಇಳಿಜಾರಿನ್ಯಾಗ ಎಷ್ಟು ಆಕ್ಸಿಡೆಂಟ್ ಆಗ್ಯಾವಂತ ಪುಣೆದವ್ರಿಗೆ ಹೇಳೋದು ಬ್ಯಾಡ. ಘಾಟ್ ಇಳಿಯುವಾಗ ಬ್ಯಾಟರಿ ತುಂಬಿದ್ಮ್ಯಾಲೆ ಇಂಜಿನ್ ಒಮ್ಮೆಲೇ ಗುಂಯ್ ಅಂದ್ರ ಗಾಬರಿ ಆಗಬ್ಯಾಡ್ರಿ, ಬ್ಯಾಟರಿಗೆ ಹಿಡೀಲಾರದ ಉಳಿದ ಶಕ್ತಿನ ಗಾಡಿ ಇಂಜಿನ್ ತಿರುಗ್ಸಿ ಕಳೀತದ.

ಸೊಸೈಟಿಯಿಂದ ಡಿ-ಮಾರ್ಟ್‌ಗೆ, ಅಲ್ಲಿಂದ ಮನಿಗೆ, ಇಂಥಾ ಸಣ್ಣ ಓಡಾಟದಾಗ ಮೈಲೇಜ್ ಬೀಳ್ತದ, ತಣ್ಣಗಿರೋ ಇಂಜಿನ್ ಬಿಸಿ ಆಗ್ಲಿಕ್ಕಂತ ಚಾಲೂ ಆಗ್ತದ. ನಾಲ್ಕು ಕೆಲಸ ಒಂದೇ ಸುತ್ತಿನ್ಯಾಗ ಮುಗಸ್ರಿ. ಟೈರ್ ಗಾಳಿ ಬಾಗಿಲ ಹತ್ರ ಇರೋ ಸ್ಟಿಕ್ಕರ್ ನೋಡಿ, ಮುಂಜಾನೆ ಟೈರ್ ತಣ್ಣಗಿದ್ದಾಗ ಹಾಕ್ಸ್ರಿ.

ಮತ್ತ ಈಗ ಪಂಪಿನ್ಯಾಗ ಸಿಗೋದು ಇ20, ಅಂದ್ರ ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್‌ನಾಗ ಪೆಟ್ರೋಲಿಗಿಂತ ಶಕ್ತಿ ಸುಮಾರು ಮೂರನೇ ಒಂದು ಪಾಲು ಕಡಿಮಿ, ಅಂದ್ರ ಶೇ. 20 ಬೆರೆಸಿದ್ರ ಲೀಟರ್‌ಗೆ ಶೇ. 6–7 ಶಕ್ತಿ ಹೋತು. ಹಳೇ ಲೆಕ್ಕದ ಜೋಡಿ ಹೋಲಸುವಾಗ ಅದನ್ನೂ ಹಿಡೀರಿ.