ಸಿಲ್ವರ್ ಓಕ್ ಉರುಳಿಸುವಾಗ: ಗರಗಸದವನೂ ಜೊತೆಗಾರನೂ

ಕಾಫಿ ತೋಟದ ಸಿಲ್ವರ್ ಓಕ್ ಕಡಿಯಲು ಒಬ್ಬರೇ ಹೋಗಬೇಡಿ. ಬುಡದ ಮೆಣಸಿನ ಬಳ್ಳಿ ಬಿಡಿಸಿ, ಬೀಳುವ ದಿಕ್ಕಿಗೆ ಹಿಂದೆ 45 ಡಿಗ್ರಿ ಓರೆಯಲ್ಲಿ ಓಡುದಾರಿ ಸವರಿಡಿ. ಯಂತ್ರ ಗರಗಸದ (ಚೈನ್‌ಸಾ) ಸರಪಳಿ ತಿರುಗದಂತೆ ತಡೆಯುವ ಚೈನ್ ಬ್ರೇಕ್ ಹಾಕಿ, ಗರಗಸ ನೆಲಕ್ಕೊತ್ತಿ ಸ್ಟಾರ್ಟ್ ಮಾಡಿ.

ಬೀಳುವ ಕಡೆ ಮೊದಲು ಕೊಯ್ಯುವ ಬೆಣೆಯಾಕಾರದ ಕಚ್ಚು ಬುಡದ ದಪ್ಪದ ಕಾಲುಭಾಗ ಮೀರಬಾರದು. ಹಿಂದಿನಿಂದ ಕೊಯ್ಯುವಾಗ ಹತ್ತನೇ ಒಂದು ಭಾಗ ಉಳಿಸಿ: 40 ಸೆಂ.ಮೀ. ದಪ್ಪಕ್ಕೆ 4 ಸೆಂ.ಮೀ. ಅದೇ ಕೀಲು, ಬೀಳುವ ಮರವನ್ನು ದಿಕ್ಕು ತಪ್ಪದಂತೆ ಹಿಡಿಯುವುದು. ಆಸೆಬಿದ್ದು ಅದನ್ನೂ ಕೊಯ್ದರೆ ಮರ ನಿಮ್ಮ ಮಾತು ಕೇಳುವುದಿಲ್ಲ. ಬಾರ್‌ನ (ಸರಪಳಿ ಸುತ್ತುವ ಉದ್ದನೆಯ ಪಟ್ಟಿ) ಮೂತಿಯ ಮೇಲಂಚು ಕೊಂಬೆಗೆ ತಾಗಿದರೆ ಗರಗಸ ಮುಖಕ್ಕೇ ಚಿಮ್ಮುತ್ತದೆ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿರಲಿ.

ಜೊತೆಗಾರ ಮರದ ಎತ್ತರದ ಎರಡರಷ್ಟು ದೂರ ನಿಂತು ತುದಿಯನ್ನೇ ನೋಡುತ್ತಿರಬೇಕು. ಇಯರ್‌ಮಫ್ ಹಾಕಿದವನಿಗೆ ಕೂಗು ಕೇಳದು, ಕೈಸನ್ನೆ ಮೊದಲೇ ಮಾತಾಡಿಕೊಳ್ಳಿ. ಅವನು ನಿಲ್ಲಿಸು ಎಂದರೆ ವಾದವಿಲ್ಲದೆ ನಿಲ್ಲಿಸಿ, ಹೊಸಬನಾದರೂ ಸರಿ.