ಮಿನಾಂಡರನ ಸಾಧನೆಯನ್ನು ಅರಿಯಲು ನಾಣ್ಯದಿಂದ ಆರಂಭಿಸಿ

ಕ್ರಿ.ಪೂ. 2ನೆಯ ಶತಮಾನದಲ್ಲಿ ವಾಯವ್ಯ ಭಾರತವನ್ನಾಳಿದ ಇಂಡೋ-ಗ್ರೀಕ್ ದೊರೆ ಮಿನಾಂಡರನನ್ನು ಕುರಿತು ಓದಹೊರಡುವವರು ಸಾಮಾನ್ಯವಾಗಿ, ಅವನನ್ನು ಮಿಲಿಂದನೆಂದು ಕರೆದು ಭಿಕ್ಷುವೊಬ್ಬನೊಡನೆ ಅವನ ಸಂವಾದವನ್ನು ಹೇಳುವ ಪಾಲಿ ಬೌದ್ಧ ಗ್ರಂಥ ‘ಮಿಲಿಂದಪನ್ಹ’ವನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ. ಅದನ್ನು ತುಸು ಬದಿಗಿಟ್ಟು, ಅವನ ಬೆಳ್ಳಿ ನಾಣ್ಯವೊಂದರ ಎರಡೂ ಬದಿಗಳ ಸ್ಪಷ್ಟ ಚಿತ್ರವನ್ನು ಎದುರಿಗಿಟ್ಟುಕೊಳ್ಳಿ. ನಾಣ್ಯವು ಅವನ ಕಾಲದ್ದು, ಪಾಲಿ ಗ್ರಂಥವು ಅವನ ನಂತರ ರೂಪುಗೊಂಡದ್ದು.

ಮುಂಬದಿಯಲ್ಲಿ ಅರಸನ ಮುಖವೂ ಗ್ರೀಕ್ ಬರಹವೂ, ಹಿಂಬದಿಯಲ್ಲಿ ಸಿಡಿಲು ಹಿಡಿದ ಗ್ರೀಕ್ ದೇವತೆ ಅಥೀನಾಳ ಸುತ್ತ ‘ಮಹರಜಸ ತ್ರತರಸ ಮೆನಂದ್ರಸ’ ಎಂಬ ಖರೋಷ್ಠಿ ಲಿಪಿಯ ಪ್ರಾಕೃತ ಬರಹವೂ ಕಾಣುತ್ತವೆ. ಖರೋಷ್ಠಿಯನ್ನು ಬಲದಿಂದ ಎಡಕ್ಕೆ ಓದಬೇಕು. ಎರಡರ ಅರ್ಥವೂ ‘ರಕ್ಷಕನಾದ ಮಹಾರಾಜ ಮಿನಾಂಡರನದು’ ಎಂದೇ. ಮರೆತುಹೋಗಿದ್ದ ಖರೋಷ್ಠಿಯನ್ನು ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಮೊದಲಾದವರು ಮತ್ತೆ ಓದಲು ನೆರವಾದದ್ದು ಇಂಥ ದ್ವಿಭಾಷಾ ನಾಣ್ಯಗಳೇ. ಮಿನಾಂಡರನ ಕೆಲವು ತಾಮ್ರದ ನಾಣ್ಯಗಳಲ್ಲಿ ಎಂಟು ಅರೆಗಳ ಚಕ್ರವಿದೆ. ಅದನ್ನು ಕಂಡೊಡನೆ ಬೌದ್ಧರ ಧರ್ಮಚಕ್ರವೆಂದು ತೀರ್ಮಾನಿಸಬೇಡಿ, ಚಕ್ರವರ್ತಿಯ ಲಾಂಛನವೂ ಚಕ್ರವೇ. ‘ಧಾರ್ಮಿಕ’ ಎಂಬ ಬಿರುದಿರುವ ನಾಣ್ಯಗಳನ್ನು ಅದೇ ಹೆಸರಿನ ಬೇರೊಬ್ಬ ಅರಸ ಎರಡನೆಯ ಮಿನಾಂಡರನವೆಂದು ಹೆಚ್ಚಿನ ವಿದ್ವಾಂಸರು ಎಣಿಸುವುದರಿಂದ, ಅವುಗಳನ್ನು ಇವನ ಲೆಕ್ಕಕ್ಕೆ ಬರೆಯಬಾರದು.

ಅವನ ಅಧಿಕಾರದ ಹರವನ್ನು ಅಳೆಯಲು ಗ್ರೀಕ್ ಭೂಗೋಳಕಾರ ಸ್ಟ್ರಾಬೋನನ್ನು ನೋಡಬೇಕು. ಮಿನಾಂಡರನು ಅಲೆಕ್ಸಾಂಡರನಿಗಿಂತ ಹೆಚ್ಚು ಜನಾಂಗಗಳನ್ನು ಗೆದ್ದನೆಂದು ಹೇಳುವಾಗಲೂ ಸ್ಟ್ರಾಬೋ ‘ಹಿಪಾನಿಸ್ ನದಿಯನ್ನು (ಸಾಮಾನ್ಯವಾಗಿ ಬಿಯಾಸ್ ಎಂದು ಗುರುತಿಸುವ ನದಿ) ದಾಟಿದ್ದು ನಿಜವಾದರೆ’ ಎಂದು ಸೇರಿಸುತ್ತಾನೆ. ಉದ್ಧರಿಸುವಾಗ ಆ ಮಾತನ್ನು ಬಿಡಬೇಡಿ. ಕ್ರಿ.ಶ. 1ನೆಯ ಶತಮಾನದಲ್ಲಿಯೂ ಮಿನಾಂಡರನ ನಾಣ್ಯಗಳು ಗುಜರಾತಿನ ಭರೂಚ್ ಬಂದರಿನಲ್ಲಿ ಚಲಾವಣೆಯಲ್ಲಿದ್ದುವೆಂದು ಗ್ರೀಕ್ ನಾವಿಕ ಕೈಪಿಡಿಯೊಂದು ತಿಳಿಸುತ್ತದೆ. ಇದು ವ್ಯಾಪಾರದ ಸಾಕ್ಷ್ಯವೇ ಹೊರತು ಆಳ್ವಿಕೆಯ ಸಾಕ್ಷ್ಯವಲ್ಲ.

ಈಗ ಮಿಲಿಂದಪನ್ಹವನ್ನು ತೆರೆಯಿರಿ. ಸಾಗಲದಲ್ಲಿ, ಎಂದರೆ ಇಂದಿನ ಸಿಯಾಲ್‌ಕೋಟೆಯಲ್ಲಿ, ಭಿಕ್ಷು ನಾಗಸೇನನು ಅರಸನನ್ನು ‘ನೀವು ಬಂದ ರಥವೆಂದರೆ ಯಾವುದು? ಅಚ್ಚೇ? ಗಾಲಿಯೇ? ನೊಗವೇ?’ ಎಂದು ಕೇಳಿ, ‘ನಾನು’ ಎಂಬುದೂ ರಥದಂತೆ ಬರಿಯ ವ್ಯವಹಾರದ ಹೆಸರೆಂದು ಒಪ್ಪಿಸುವ ಭಾಗವನ್ನು ನಿಧಾನವಾಗಿ ಓದಬೇಕು. ಪ್ರಶ್ನಿಸುವುದಕ್ಕೆ ಹಿಂಜರಿಯದ, ಸೋಲನ್ನು ಒಪ್ಪಲು ನಾಚದ ಅರಸನ ಚಿತ್ರ ಅಲ್ಲಿದೆ.

ಕೊನೆಗೆ, ಅವನ ಸಾವಿನ ಎರಡು ವೃತ್ತಾಂತಗಳನ್ನು ಅಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಪಾಲಿ ಗ್ರಂಥದ ಪ್ರಕಾರ ಅವನು ಮಗನಿಗೆ ರಾಜ್ಯವನ್ನೊಪ್ಪಿಸಿ ಅರ್ಹಂತನಾದನು, ಎಂದರೆ ಬೌದ್ಧ ಮಾರ್ಗದಲ್ಲಿ ಮುಕ್ತಿ ಪಡೆದನು. ಗ್ರೀಕ್ ಲೇಖಕ ಪ್ಲುಟಾರ್ಕನ ಪ್ರಕಾರ ಸೇನಾ ಶಿಬಿರದಲ್ಲಿ ತೀರಿಕೊಂಡನು, ನಗರಗಳು ಅವನ ಚಿತಾಭಸ್ಮವನ್ನು ಹಂಚಿಕೊಂಡು ಸ್ಮಾರಕಗಳನ್ನು ಕಟ್ಟಿದವು. ಎರಡನ್ನೂ ಬೆಸೆದು ಒಂದೇ ಕಥೆ ಮಾಡುವ ಅಗತ್ಯವಿಲ್ಲ. ಆದರೆ ಬುದ್ಧನ ಅವಶೇಷಗಳನ್ನು ಎಂಟು ಪಾಲು ಮಾಡಿ ಸ್ತೂಪಗಳನ್ನು ಕಟ್ಟಿದ ಪ್ರಸಂಗವನ್ನು ಬಲ್ಲವರಿಗೆ, ಅರಸನ ಬೌದ್ಧ ಒಲವಿಗೆ ಸಾಕ್ಷ್ಯವಾಗಿ, ಬೌದ್ಧನಲ್ಲದ ಪ್ಲುಟಾರ್ಕನ ಈ ಒಂದು ವಾಕ್ಯವು ಚಕ್ರದ ನಾಣ್ಯಕ್ಕಿಂತ ಹೆಚ್ಚು ತೂಕದ್ದಾಗಿ ಕಾಣುತ್ತದೆ.